ಕಣ್ಣು ಕಾಣದ ಅಪ್ಪ-ಅಮ್ಮ ಮಕ್ಕಳೊಂದಿಗೆ ಹಾಸನ, ಚಿಕ್ಕಮಗಳೂರಿಗೆ ಹೊರಡುವಾಗ

ಈ ಸೀಮೆಯ ಪ್ರವಾಸಕ್ಕೆ ಜನ ಕೊಡುವ ಸಲಹೆಯೆಲ್ಲ ನೋಟದ್ದೇ. ಸೂರ್ಯೋದಯ ಎಲ್ಲಿ ಚೆಂದ, ಮಂಜು ಎಲ್ಲಿ ಇಳಿಯುತ್ತದೆ, ಫೋಟೊ ಎಲ್ಲಿ ಚೆನ್ನಾಗಿ ಬರುತ್ತದೆ ಎಂದು ಹೇಳುತ್ತಾರೆ. ಅಪ್ಪ-ಅಮ್ಮ ಇಬ್ಬರಿಗೂ ಕಣ್ಣು ಕಾಣದೆ ಮಕ್ಕಳಿಗೆ ಕಾಣುವಂತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ: ಆ ಜಾಗದಲ್ಲಿ, ಆ ಹೊತ್ತಿನಲ್ಲಿ, ಹತ್ತು ಹೆಜ್ಜೆ ಆಚೆ ಇರುವ ಮಗುವಿನ ದನಿ ನಿಮಗೆ ಕೇಳಿಸುತ್ತದೆಯೇ?

ಕೇಳಿಸುವ ಕಡೆ ನೀವು ಯಾವ ಅಪ್ಪ-ಅಮ್ಮನಿಗೂ ಕಡಿಮೆಯಿಲ್ಲ. ಕೇಳಿಸದ ಕಡೆ ಮಗುವಿನ ಕೈ ಬಿಡುವಂತಿಲ್ಲ. ಜಲಪಾತದ ಬುಡ, ಮುಳ್ಳಯ್ಯನಗಿರಿ ತುದಿಯ ಗಾಳಿ, ಮಹಾಮಂಗಳಾರತಿಯ ನಗಾರಿ ಗಂಟೆ, ತಗಡಿನ ಮಾಡಿನ ಮೇಲೆ ಬೀಳುವ ಜುಲೈ ಮಳೆ, ಮುಸ್ಸಂಜೆ ಕಾಡಂಚಿನ ಜೀರುಂಡೆ, ಇವೆಲ್ಲ ಕಿವಿ ಕಟ್ಟಿಹಾಕುವ ಜಾಗಗಳು. ಊರು, ತಿಂಗಳು, ಗಂಟೆ ಮೂರನ್ನೂ ಈ ಲೆಕ್ಕದಲ್ಲೇ ಆರಿಸಿಕೊಳ್ಳಿ.

ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್ ಬೇಡವೆಂದೇ ನಮ್ಮ ಸಲಹೆ. ಮಳೆಯ ಸದ್ದಿಗೆ ರಸ್ತೆಯಲ್ಲಿ ಬರುವ ಗಾಡಿ ಗೊತ್ತಾಗುವುದಿಲ್ಲ. ಛತ್ರಿ ಹಿಡಿದರೆ ಅದರ ಮೇಲೆ ಬೀಳುವ ಹನಿಯೇ ಕಿವಿ ತುಂಬುತ್ತದೆ, ಅದರ ಬದಲು ಟೋಪಿಯಿಲ್ಲದ ರೇನ್‌ಕೋಟೂ ಮೇಲೊಂದು ಕ್ಯಾಪೂ ವಾಸಿ. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕೋಲು ಜಾರುತ್ತದೆ. ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ, ರೈಲು ಎರಡೂ ನಿಲ್ಲುವುದು ಈ ತಿಂಗಳುಗಳಲ್ಲೇ.

ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು. ಮಕ್ಕಳ ಕೈಗೆ ಹಣ್ಣು ಸಿಗುತ್ತದೆ: ಗಿಡದಲ್ಲಿ ಗೊಂಚಲು ತಡವಿ, ಗಟ್ಟಿಯಿರುವ ಕಾಯಿಯನ್ನು ಬಿಟ್ಟು ಒತ್ತಿದರೆ ಸ್ವಲ್ಪ ಮೆತ್ತಗಾಗುವ ಹಣ್ಣನ್ನು ಕೀಳುವುದು ಕಣ್ಣಿಲ್ಲದೆಯೂ ಬರುವ ಕೆಲಸ. ಹಿಚುಕಿದರೆ ಜಾರಿ ಬರುವ ಬೀಜದ ಮೇಲಿನ ಲೋಳೆ ಸಿಹಿ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹುಳಿ ವಾಸನೆ, ಕಣದಲ್ಲಿ ಕಾಫಿ ಕೆದಕುವ ಸದ್ದು, ಇದನ್ನೆಲ್ಲ ಯಾರೂ ವಿವರಿಸಿ ಹೇಳಬೇಕಿಲ್ಲ. ಡಿಸೆಂಬರ್‌ನ ದತ್ತ ಜಯಂತಿ ದಿನಗಳಲ್ಲಿ ಮಾತ್ರ ಬಾಬಾಬುಡನ್‌ಗಿರಿ ಕಡೆ ಜನಸಂದಣಿ, ಪೊಲೀಸ್ ನಿರ್ಬಂಧ ಇರುತ್ತದೆ. ಆ ವಾರ ತಪ್ಪಿಸಿ.

ಇನ್ನೊಂದು ಒಳ್ಳೆಯ ಕಾಲ ಕಾಫಿ ಹೂವಿನದು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲೋ ಹೂಮಳೆ ಬೀಳುತ್ತದೆ. ಅದು ಬಿದ್ದ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಅರಳಿ, ಎರಡು ಮೂರು ದಿನ ಮಲ್ಲಿಗೆಯಂಥ ಪರಿಮಳ. ದಿನಾಂಕ ಮುಂಚೆ ಗೊತ್ತಿರುವುದಿಲ್ಲ. ಹೋಂಸ್ಟೇಯವರಿಗೆ ‘ಮಳೆ ಬಿದ್ದ ದಿನ ಒಂದು ಫೋನ್ ಮಾಡಿ’ ಎಂದು ಹೇಳಿಟ್ಟು, ಗಂಟು ಕಟ್ಟಿಕೊಂಡು ಕೂರಬೇಕು. ಸ್ಪ್ರಿಂಕ್ಲರ್ ಇರುವ ತೋಟದವರು ನೀರು ಹಾಯಿಸಿ ಹೂ ಬಿಡಿಸುತ್ತಾರೆ, ಅಂಥವರು ದಿನವನ್ನೂ ಹೆಚ್ಚು ಕಡಿಮೆ ಹೇಳಬಲ್ಲರು.

ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳೆಲ್ಲ ಇಲ್ಲೇ ಇರುತ್ತವೆ. ಶಾಲೆಗೆ ಎರಡು ದಿನ ರಜೆ ಹಾಕಿಸಿದರೂ ಚಿಂತೆಯಿಲ್ಲ, ಮಂಗಳವಾರದಿಂದ ಗುರುವಾರದೊಳಗೆ ಮುಗಿಸಿ.

ಒಂದೇ ಕಡೆ ಉಳಿಯಿರಿ

ದಿನಕ್ಕೊಂದು ಊರಲ್ಲಿ ತಂಗುವ ಪ್ಯಾಕೇಜ್ ನಮಗಲ್ಲ. ಹೊಸ ಕೋಣೆಯಲ್ಲಿ ಬಚ್ಚಲು, ಸ್ವಿಚ್ಚು, ಬಿಸಿನೀರಿನ ನಲ್ಲಿ, ಬಾಗಿಲ ಚಿಲಕ, ಅಂಗಳದ ಅಂಚು ಕೈಗೂ ಕಾಲಿಗೂ ಪರಿಚಯವಾಗಲು ಅರ್ಧ ದಿನ ಬೇಕು. ಆ ಅರ್ಧ ದಿನವನ್ನು ಒಂದೇ ಸಲ ಕಳೆಯಿರಿ. ಬೇಲೂರಿಗೂ ಚಿಕ್ಕಮಗಳೂರಿಗೂ ನಡುವೆ ಸುಮಾರು 25 ಕಿ.ಮೀ. ದಾರಿ. ಈ ನಡುವಿನಲ್ಲಿ ಎಲ್ಲಿ ತಂಗಿದರೂ ಬೇಲೂರು, ಅಲ್ಲಿಂದ 16 ಕಿ.ಮೀ.ನ ಹಳೇಬೀಡು, ಈಚೆಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಗಿರಿ ಸಾಲು ಎಲ್ಲವೂ ಒಂದೊಂದು ದಿನದ ಓಡಾಟಕ್ಕೆ ಸಿಗುತ್ತವೆ.

ಹೋಂಸ್ಟೇಯನ್ನು ಆ್ಯಪಿನಲ್ಲಿ ಹುಡುಕಿದರೂ ಮಾತು ಫೋನಿನಲ್ಲೇ ಆಗಬೇಕು. ಕೋಣೆ ಖಾಲಿ ಇದೆಯೇ, ಬಾಡಿಗೆ ಎಷ್ಟು ಎಂಬುದು ಇತ್ಯರ್ಥವಾದ ಮೇಲೆ, ಮುಂಗಡ ಕಳಿಸುವ ಮೊದಲು, ನಿಮ್ಮ ವಿಷಯ ಹೇಳಿ. ಮೊದಲೇ ಹೇಳಿದರೆ ‘ಆ ದಿನ ಕೋಣೆ ಇಲ್ಲ’ ಎನ್ನುವವರು ಸಿಗುತ್ತಾರೆ. ಹೇಳದೆ ಹೋದರೆ ಅಲ್ಲಿ ಹೋಗಿ ನಿಂತಾಗ ಇಬ್ಬರಿಗೂ ಮುಜುಗರ. ಹೇಳುವುದನ್ನು ಸರಳವಾಗಿ ಹೇಳಿ:

‘ಗೌಡ್ರೇ, ನಮಗಿಬ್ಬರಿಗೂ ಕಣ್ಣು ಕಾಣೋದಿಲ್ಲ. ಮಕ್ಕಳಿಗೆ ಕಾಣುತ್ತೆ, ಒಬ್ಬಳಿಗೆ ಎಂಟು, ಇನ್ನೊಬ್ಬನಿಗೆ ನಾಲ್ಕು. ಕೈ ಹಿಡಿದು ಓಡಾಡಿಸೋರು ಬೇಡ. ಬಂದ ದಿನ ಒಂದರ್ಧ ಗಂಟೆ ಮನೆ ಸುತ್ತ ನಡೆಸಿ ತೋರಿಸಿದರೆ ಸಾಕು. ಮೊದಲು ಕೆಲವು ವಿಷಯ ಕೇಳ್ತೀನಿ.’

ಕೇಳಬೇಕಾದ್ದು ಇವು. ಈಜುಕೊಳ, ಕೃಷಿ ಹೊಂಡ, ತೆರೆದ ಬಾವಿ, ಪಲ್ಪರ್ ತೊಟ್ಟಿ ಎಷ್ಟು ದೂರದಲ್ಲಿವೆ, ಸುತ್ತ ಬೇಲಿ ಅಥವಾ ಬೀಗ ಹಾಕುವ ಗೇಟು ಇದೆಯೇ? ‘ಅದೆಲ್ಲ ಆ ಕಡೆ ಇದೆ, ಪರವಾಗಿಲ್ಲ’ ಎಂಬ ಉತ್ತರ ಸಾಲದು. ಹೆಜ್ಜೆ ಲೆಕ್ಕ ಕೇಳಿ. ಬಚ್ಚಲಿಗೆ ಬಿಸಿನೀರು ಗೀಸರಿನದೋ, ಸೌದೆ ಬಾಯ್ಲರಿನದೋ? ಮಲೆನಾಡಿನ ಸೌದೆ ಬಾಯ್ಲರಿನ ನೀರು ಬೆಳಿಗ್ಗೆ ಕುದಿಯುವ ಮಟ್ಟಕ್ಕೆ ಹೋಗಿರುತ್ತದೆ. ನಲ್ಲಿ ತಿರುಗಿಸಿದ ಮೊದಲ ನಿಮಿಷ ಪೈಪಿನ ತಣ್ಣೀರು ಬಂದು, ಆಮೇಲೆ ಒಮ್ಮೆಲೇ ಸುಡುನೀರು ಬರುತ್ತದೆ. ಮೊದಲು ಬಂದ ನೀರನ್ನು ಮುಟ್ಟಿ ಹದವಾಗಿದೆ ಎಂದುಕೊಂಡರೆ ಮಗುವಿನ ಚರ್ಮ ಸುಡುವುದು ಹೀಗೆ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈಯಿಂದ ಹದ ನೋಡಿ ಸ್ನಾನ. ಮಕ್ಕಳನ್ನು ಷವರ್ ಕೆಳಗೆ ನಿಲ್ಲಿಸಬೇಡಿ.

ನಾಯಿ ಕಟ್ಟುತ್ತಾರೋ ಬಿಡುತ್ತಾರೋ ಕೇಳಿ. ಎಸ್ಟೇಟ್ ನಾಯಿಗಳಿಗೆ ಬಿಳಿಕೋಲು ಕಂಡರೆ ದೊಣ್ಣೆಯೆಂದೇ ಲೆಕ್ಕ. ಬಂದ ದಿನ ಮನೆಯವರ ಎದುರಲ್ಲೇ ಕೋಲನ್ನು ನಾಯಿಗೆ ಮೂಸಲು ಬಿಡಿ. ತೋಟದಲ್ಲಿ ಆ ವಾರ ಔಷಧಿ ಸಿಂಪರಣೆ ಇದೆಯೇ ಎಂದೂ ಕೇಳಿ, ಇದ್ದರೆ ದಿನ ಬದಲಿಸಿ.

ಆನೆ ಮತ್ತು ಬೇಲಿಯ ವಿಷಯ ಮರೆಯಬೇಡಿ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆ ಓಡಾಟ ನಿಜವಾದದ್ದು. ಬೆಳಿಗ್ಗೆ ಏಳರ ಮೊದಲು, ಸಂಜೆ ಐದೂವರೆಯ ಮೇಲೆ ತೋಟದ ರಸ್ತೆಯಲ್ಲಿ ನಡೆಯುವುದೇ ಬೇಡ. ಆನೆಗೆಂದು ಹಾಕಿದ ಸೋಲಾರ್ ಬೇಲಿಯಲ್ಲಿ ಸೆಕೆಂಡಿಗೊಮ್ಮೆ ಹರಿಯುವ ಕರೆಂಟು ಕ್ಷಣಕಾಲದ್ದು, ಜೀವ ತೆಗೆಯುವಂಥದ್ದಲ್ಲ. ಆದರೆ ನಿಮ್ಮ ಕೈಯಲ್ಲಿರುವುದು ಅಲ್ಯೂಮಿನಿಯಂ ಕೋಲು! ಹಿಡಿಯ ರಬ್ಬರ್ ಬಿಟ್ಟು ಕೆಳಗೆ ಹಿಡಿದಿದ್ದರೆ ಏಟು ನೇರವಾಗಿ ಕೈಗೇ ಬರುತ್ತದೆ. ಬೇಲಿ ಯಾವ ಬದಿಯಲ್ಲಿ ಹೋಗಿದೆ ಎಂದು ಮೊದಲ ಸುತ್ತಿನಲ್ಲೇ ಕೇಳಿಕೊಳ್ಳಿ. ಬೇಲಿಯ ಪೆಟ್ಟಿಗೆಯ ‘ಟಿಕ್ ಟಿಕ್’ ಸದ್ದನ್ನು ಮಕ್ಕಳಿಗೂ ಕೇಳಿಸಿ.

ಕಾರ್ಡು, ಪಾಸು

ಇವನ್ನು ಹೊರಡುವ ಎರಡು ತಿಂಗಳ ಮೊದಲೇ ಸರಿಮಾಡಿಕೊಳ್ಳಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಎಲ್ಲಕ್ಕೂ ಬುನಾದಿ. ರೈಲಿನಲ್ಲಿ ಸಂಪೂರ್ಣ ದೃಷ್ಟಿ ಇಲ್ಲದವರಿಗೆ ಸ್ಲೀಪರ್, ಎರಡನೇ ದರ್ಜೆ, ಮೂರನೇ ಎಸಿ, ಎಸಿ ಚೇರ್ ಕಾರ್‌ಗಳಲ್ಲಿ 75 ಶೇಕಡಾ ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಆದರೆ ಆನ್‌ಲೈನ್‌ನಲ್ಲಿ ಆ ದರಕ್ಕೆ ಟಿಕೆಟ್ ತೆಗೆಯಲು ಯುಡಿಐಡಿ ಒಂದೇ ಸಾಲದು, ರೈಲ್ವೆಯವರು ಕೊಡುವ ದಿವ್ಯಾಂಗ ಗುರುತಿನ ಚೀಟಿ ಬೇರೆ ಬೇಕು. ಅದರ ಪರಿಶೀಲನೆಗೆ ವಾರಗಳೇ ಹಿಡಿಯುತ್ತವೆ. ಪ್ರಯಾಣದಲ್ಲಿ ಅಸಲಿ ಕಾರ್ಡ್ ಕೈಯಲ್ಲಿರಲಿ.

ಕೆಎಸ್‌ಆರ್‌ಟಿಸಿಯಲ್ಲಿ ರಾಜ್ಯದ ಅಂಧರಿಗೆ ಉಚಿತ ಪಾಸ್ ಇದೆ. ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ, ಅವಧಿ ಮುಗಿದಾಗ ನವೀಕರಣ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ನಡೆಯುತ್ತದೆ, ರಾಜಹಂಸ, ಐರಾವತಕ್ಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಅಮ್ಮನಿಗೂ ಮಗಳಿಗೂ ಅಂಥ ಬಸ್ಸುಗಳಲ್ಲಿ ಹೇಗೂ ಟಿಕೆಟ್ ಹಣವಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ಒಂದು ಎಚ್ಚರಿಕೆ: ಮಲೆನಾಡಿನ ಒಳ ದಾರಿಗಳಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು. ಅಲ್ಲಿ ಈ ಯಾವ ಪಾಸೂ ನಡೆಯುವುದಿಲ್ಲ.

ಗಾಡಿ, ಘಾಟಿ, ವಾಂತಿ

ಸುತ್ತಾಟಕ್ಕೆ ಸ್ಥಳೀಯ ಟ್ಯಾಕ್ಸಿಯೇ ಸರಿ. ಹೋಂಸ್ಟೇಯವರಿಗೆ ಪರಿಚಯದ ಡ್ರೈವರ್ ಆದರೆ ಇನ್ನೂ ಒಳ್ಳೆಯದು, ಎಲ್ಲ ದಿನಕ್ಕೂ ಒಬ್ಬನೇ ಇರಲಿ. ಮೊದಲ ದಿನ ಹತ್ತುವ ಮುಂಚೆಯೇ ಮೂರು ಮಾತು ಹೇಳಿ: ‘ಅಣ್ಣ, ಚರಂಡಿ ಪಕ್ಕ, ಗುಂಡಿ ಪಕ್ಕ ನಿಲ್ಲಿಸಬೇಡಿ. ನಿಲ್ಲಿಸಿದ ಮೇಲೆ ಯಾವ ಬಾಗಿಲಿಂದ ಇಳಿಯಬೇಕು ಹೇಳಿ. ನಾವು ವಾಪಸ್ ಬರುವಾಗ ಗಾಡಿ ಬೇರೆ ಕಡೆ ತೆಗೆದಿದ್ದರೆ ಮೊದಲೇ ಫೋನ್ ಮಾಡಿ.’ ‘ಇಲ್ಲಿ, ಅಲ್ಲಿ, ಹೀಗೆ’ ಎನ್ನುವವರಿಗೆ ‘ಎಡಕ್ಕೆ, ಬಲಕ್ಕೆ, ಎಷ್ಟು ಹೆಜ್ಜೆ’ ಎಂದು ಒಂದೆರಡು ಸಲ ತಿದ್ದಿದರೆ ಮಧ್ಯಾಹ್ನದೊಳಗೆ ರೂಢಿಯಾಗುತ್ತದೆ.

ತಿರುವು ದಾರಿಯಲ್ಲಿ ಮಗುವಿನ ಮುಖ ಬಿಳಿಚಿಕೊಂಡಿದ್ದು ನಿಮಗೆ ಕಾಣದು, ಬೇರೆ ಗುರುತು ಹಿಡಿಯಬೇಕು. ವಟವಟ ಮಾತಾಡುತ್ತಿದ್ದ ಮಗು ಸುಮ್ಮನಾಗುತ್ತದೆ. ಮೇಲಿಂದ ಮೇಲೆ ಆಕಳಿಸುತ್ತದೆ, ಉಗುಳು ನುಂಗುತ್ತದೆ. ಹಣೆ, ಹಿಂಗತ್ತು ತಣ್ಣಗೆ ಬೆವರಿರುತ್ತದೆ. ಇವುಗಳಲ್ಲಿ ಎರಡು ಕಂಡರೂ ಗಾಡಿ ನಿಲ್ಲಿಸಿ. ಐದು ನಿಮಿಷ ಕಾದು ನೋಡೋಣ ಎಂದರೆ ಸೀಟು ತೊಳೆಯುವ ಕೆಲಸ. ಹೊರಡುವ ಮುಂಚೆ ಎಣ್ಣೆ ತಿಂಡಿ ಬೇಡ, ಎರಡು ಇಡ್ಲಿ ಸಾಕು. ಹಿಡಿಯಿರುವ ದಪ್ಪ ಬ್ಯಾಗು ಒಂದೊಂದು ಮಗುವಿನ ಮುಂದೆಯೂ ಇರಲಿ, ಒಳಗೆ ಹಳೆ ಟವೆಲ್ ತುಂಡು ಹಾಸಿರಲಿ. ವಾಂತಿ ತಡೆಯುವ ಮಾತ್ರೆ ಕೊಡುವುದಾದರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ.

ಕಣ್ಣು ಬೇಡದ ಪ್ರಯಾಣವೆಂದರೆ ಹಾಸನದಿಂದ ಸಕಲೇಶಪುರ ದಾಟಿ ಘಾಟಿ ಇಳಿಯುವ ಹಗಲು ರೈಲು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವೆ 57 ಸುರಂಗ. ಸುರಂಗಕ್ಕೆ ನುಗ್ಗಿದಾಗ ಚಕ್ರದ ಸದ್ದು ಗಟ್ಟಿಯಾಗಿ ಕಿವಿಗೆ ಬಂದು ಬಡಿಯುತ್ತದೆ, ಸೇತುವೆ ಮೇಲೆ ಸದ್ದು ಕೆಳಗಿಳಿದು ಟೊಳ್ಳಾಗುತ್ತದೆ. ಮಕ್ಕಳಿಗೆ ಎಣಿಸುವ ಪಂದ್ಯ ಕಟ್ಟಿ, ಅಪ್ಪ-ಅಮ್ಮನೇ ಗೆಲ್ಲುತ್ತಾರೆ. ಕೂರುವ ಜಾಗ ಬಾಗಿಲಿನಿಂದ ದೂರವಿರಲಿ. ಮಕ್ಕಳು ಕಿಟಕಿ ಕಡೆ, ನೀವು ನಡುದಾರಿ ಕಡೆ.

ಗಂಟು ಕಟ್ಟುವುದು

ಪ್ರತಿ ಮಗುವಿನ ಒಂದು ದಿನದ ಬಟ್ಟೆ, ಚಡ್ಡಿ, ಕಾಲುಚೀಲ ಎಲ್ಲ ಸುತ್ತಿ ಒಂದೊಂದು ಚೀಲಕ್ಕೆ ಹಾಕಿ. ದೊಡ್ಡವಳ ಚೀಲಕ್ಕೆ ಗುಂಡಿ ಹೊಲಿದಿರಲಿ, ಚಿಕ್ಕವನದಕ್ಕೆ ದಾರದ ಗಂಟು. ಬೆಳಿಗ್ಗೆ ‘ಇದು ಯಾರ ಅಂಗಿ?’ ಎಂದು ಕೇಳುವ ಗೋಜು ಇರುವುದಿಲ್ಲ. ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ ಬೇರೆ.

ಬಿಳಿಕೋಲು ಒಬ್ಬರಿಗೆ ಎರಡು. ಮಡಿಚುವ ಕೋಲಿನ ಒಳಗಿನ ಎಲಾಸ್ಟಿಕ್ ಕಿತ್ತುಹೋದರೆ ಇಲ್ಲಿ ರಿಪೇರಿ ಮಾಡುವವರಿಲ್ಲ. ಕೆಸರು ಒಣಗಿ ಕೂಡುವ ಜಾಗದಲ್ಲಿ ಸಿಕ್ಕಿಕೊಂಡರೆ ಮಡಿಚಲೂ ಬರುವುದಿಲ್ಲ, ರಾತ್ರಿ ಒದ್ದೆ ಬಟ್ಟೆಯಿಂದ ಒರೆಸಿಡಿ. ಪೆನ್ಸಿಲಿನಂಥ ಸಣ್ಣ ತುದಿ ಜಲ್ಲಿ ರಸ್ತೆಯಲ್ಲಿ, ಬೇರಿನಲ್ಲಿ ಸಿಕ್ಕಿಬೀಳುತ್ತದೆ. ಉರುಳುವ ದಪ್ಪ ತುದಿ ಹಾಕಿಕೊಂಡು, ಒಂದು ತುದಿ ಹೆಚ್ಚಿಗೆ ಇಟ್ಟುಕೊಳ್ಳಿ.

ಔಷಧಿ ಚೀಲಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ಗೆ 120 ಮಿ.ಗ್ರಾಂ, 250 ಮಿ.ಗ್ರಾಂ ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಬರುತ್ತದೆ, ಬಾಟಲಿ ಮಾತ್ರ ಮುಟ್ಟಿದರೆ ಒಂದೇ ಥರ. ಊರಿನಿಂದಲೇ ಒಂದೇ ಬಗೆಯದನ್ನು ಒಯ್ಯಿರಿ. ಹೊರಗೆ ಕೊಳ್ಳಬೇಕಾಗಿ ಬಂದರೆ 5 ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಎಂದು ಅಂಗಡಿಯವರಿಂದ ಗಟ್ಟಿಯಾಗಿ ಓದಿಸಿ. ಜ್ವರದ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ವಾಂತಿಯದಕ್ಕೆ ಎರಡು, ಅಲರ್ಜಿಯದಕ್ಕೆ ಮೂರು. ಅಳೆಯಲು ಸೂಜಿಯಿಲ್ಲದ ಸಿರಿಂಜೇ ಬೇಕು, ಮುಚ್ಚಳದ ಗೆರೆ ನಮಗೆ ಉಪಯೋಗವಿಲ್ಲ. ಡಾಕ್ಟರು ತೂಕ ನೋಡಿ ಹೇಳಿದ ಅಳತೆಯವರೆಗೆ ಕಣ್ಣು ಕಾಣುವವರಿಂದ ಸಿರಿಂಜ್ ಎಳೆಸಿ, ದಂಡವು ಕೊಳವೆಯ ಬಾಯಿಗೆ ಸೇರುವಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿಸಿ. ಆಮೇಲೆ ಉಗುರಿಗೆ ಕಚ್ಚು ಸಿಕ್ಕಿದರೆ ಅಳತೆ ಸರಿ. ಬೇಗ ಎಳೆದರೆ ಗಾಳಿ ತುಂಬಿ ಔಷಧಿ ಕಡಿಮೆಯಾಗುತ್ತದೆ. ಒಮ್ಮೆ ಎಳೆದು, ಪೂರ್ತಿ ಒತ್ತಿ, ಮತ್ತೆ ನಿಧಾನಕ್ಕೆ ಎಳೆಯಿರಿ. ಇಬ್ಬರು ಮಕ್ಕಳಿಗೆ ಎರಡು ಸಿರಿಂಜ್. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಸುರಿಯಬೇಡಿ, ಒಂದು ಲೀಟರಿನ ಖಾಲಿ ಬಾಟಲಿ ಜೊತೆಗಿದ್ದರೆ ಅಳತೆಯ ತಾಪತ್ರಯವಿಲ್ಲ. ಮಾತಾಡುವ ಥರ್ಮಾಮೀಟರ್ ಇದ್ದರೆ ಅದನ್ನೂ ಹಾಕಿ.

ಮಕ್ಕಳ ದನಿ, ಮಕ್ಕಳ ಕೆಲಸ

ಮೂರು ವರ್ಷದೊಳಗಿನ ಕೂಸು ಎದೆಗೋ ಬೆನ್ನಿಗೋ ಕಟ್ಟಿದ ಕ್ಯಾರಿಯರಿನಲ್ಲಿರಲಿ. ತಳ್ಳುಗಾಡಿ ಈ ಸೀಮೆಗೆ ಆಗದು. ಆರರವರೆಗೆ ಕೈ ಅಥವಾ ಎದೆಗೆ ಕಟ್ಟುವ ಪಟ್ಟಿ. ಅದರ ಮೇಲಿನವರಿಗೆ ಕೂಗಿ-ಓಗೊಡುವ ನಿಯಮ: ಹೆಸರು ಕರೆದ ಕೂಡಲೇ ‘ಇಲ್ಲಿದ್ದೀನಿ’ ಎನ್ನಬೇಕು. ಎರಡು ಸಲ ಓಗೊಡದಿದ್ದರೆ ಆಟ ಬಂದ್, ಕೋಣೆಗೆ ವಾಪಸ್. ಹೊರಡುವ ಎರಡು ವಾರ ಮೊದಲೇ ಮನೆ ಹತ್ತಿರದ ಪಾರ್ಕಿನಲ್ಲಿ ಇದನ್ನು ಆಡಿಸಿ. ಹೊಸ ಜಾಗದಲ್ಲಿ ಹೊಸ ನಿಯಮ ಕಲಿಸಿದರೆ ನಿಲ್ಲುವುದಿಲ್ಲ.

ಒಬ್ಬರ ಕಾಲಿಗೆ ಗೆಜ್ಜೆ, ಇನ್ನೊಬ್ಬರ ಬ್ಯಾಗಿಗೆ ಸಣ್ಣ ಗಂಟೆ. ಸದ್ದು ಬೇರೆ ಬೇರೆಯಾಗಿದ್ದರೆ ಯಾರು ಎಲ್ಲಿದ್ದಾರೆಂದು ಕೇಳದೆಯೇ ತಿಳಿಯುತ್ತದೆ. ಒಬ್ಬೊಬ್ಬರು ಒಂದೊಂದು ಮಗುವಿಗೆ ಜವಾಬ್ದಾರರು, ಬದಲಿಸುವಾಗ ಬಾಯಿಬಿಟ್ಟು ‘ಪಾಪು ಈಗ ನಿನ್ನ ಹತ್ತಿರ’ ಎಂದು ಹೇಳಿ, ‘ಹೂಂ’ ಎಂದು ಕೇಳಿದ ಮೇಲೆಯೇ ಕೈ ಬಿಡಿ. ಕಳೆದುಹೋಗುವ ಮಕ್ಕಳು ಹೆಚ್ಚಾಗಿ ಇಬ್ಬರ ನಡುವೆಯೇ ಕಳೆದುಹೋಗುತ್ತಾರೆ. ಮಕ್ಕಳ ಕೈಪಟ್ಟಿಯ ಮೇಲೆ ಇಬ್ಬರ ಫೋನ್ ನಂಬರ್, ಹೋಂಸ್ಟೇ ನಂಬರ್ ಇರಲಿ. ಅಂದಂದಿನ ಅಂಗಿಯ ಬಣ್ಣ ಬೆಳಿಗ್ಗೆಯೇ ಬಾಯಿಪಾಠ ಮಾಡಿಕೊಳ್ಳಿ, ಪೊಲೀಸರು ಮೊದಲು ಕೇಳುವುದೇ ಅದು. ತುರ್ತಿಗೆ 112, ಆಂಬುಲೆನ್ಸಿಗೆ 108.

ಎಂಟು ವರ್ಷದ ಮಗಳು ಬೋರ್ಡು ಓದಬಹುದು, ಮೆನು ಓದಬಹುದು, ‘ಅಪ್ಪಾ, ಇಲ್ಲಿ ಮೆಟ್ಟಿಲು’ ಎನ್ನಬಹುದು. ರಸ್ತೆ ದಾಟುವ ತೀರ್ಮಾನ, ತಮ್ಮನನ್ನು ಕಾಯುವ ಹೊಣೆ, ಅಪ್ಪನನ್ನು ಕೈಹಿಡಿದು ನಡೆಸುವುದು ಅವಳದಲ್ಲ. ದಾರಿಹೋಕರು ಅವಳ ಹತ್ತಿರವೇ ಮಾತಾಡುತ್ತಾರೆ, ‘ಪಾಪ, ಅಪ್ಪ-ಅಮ್ಮನ್ನ ಚೆನ್ನಾಗಿ ನೋಡ್ಕೊ ಪುಟ್ಟಿ’ ಎನ್ನುತ್ತಾರೆ. ‘ನಮ್ಮನ್ನೇ ಕೇಳಿ ಸ್ವಾಮಿ’ ಎಂದು ನಗುತ್ತಲೇ ಹೇಳಿಬಿಡಿ. ಅವಳಿಗೂ ಇದು ರಜೆಯೇ.

ಬೇಲೂರು, ಹಳೇಬೀಡು

2023ರಲ್ಲಿ ಸೋಮನಾಥಪುರದ ಜೊತೆ ಇವೆರಡೂ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಜನ ಹೆಚ್ಚಾಗಿದ್ದಾರೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಎರಡು ಕಾರಣ: ಚಪ್ಪಲಿ ಹೊರಗೇ ಬಿಡಬೇಕು, ಹನ್ನೊಂದರ ಮೇಲೆ ಅಂಗಳದ ಹಾಸುಗಲ್ಲು ಮಕ್ಕಳ ಅಂಗಾಲು ಸುಡುತ್ತದೆ. ದಪ್ಪ ಕಾಲುಚೀಲ ಒಯ್ಯಿರಿ. ಬೇಲೂರಲ್ಲಿ ಮಧ್ಯಾಹ್ನ ಕೆಲ ಹೊತ್ತು ಗರ್ಭಗುಡಿ ಮುಚ್ಚುತ್ತಾರೆ ಕೂಡ.

ಬೇಲೂರಿನ ಚೆನ್ನಕೇಶವ ಗುಡಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಎರಡೂ ಕಡೆಯ ಕೆತ್ತನೆ ಬಳಪದ ಕಲ್ಲಿನದು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು, ಅದಕ್ಕೇ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಾದದ್ದು. ಶಿಲ್ಪಗಳನ್ನು ಮುಟ್ಟುವುದಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಸಿಬ್ಬಂದಿಯನ್ನು ಕೇಳಿ ನೋಡಿ, ಬೇಡವೆಂದರೆ ವಾದಿಸಬೇಡಿ, ಬೇರೆ ದಾರಿಗಳಿವೆ. ಗುಡಿಯ ಬುಡದಲ್ಲಿರುವ ಎತ್ತರದ ಕಟ್ಟೆ, ಜಗತಿ, ಗುಡಿಯ ಆಕಾರವನ್ನೇ ಹೊತ್ತಿದೆ. ಮೇಲೆ ಹತ್ತುವ ಮೊದಲು ಕೆಳಗಿನ ಅಂಗಳದಲ್ಲಿ ಜಗತಿಯ ಬದಿ ಹಿಡಿದು ನಡೆಯಿರಿ. ಎರಡು ಹೆಜ್ಜೆಗೊಂದು ಮೂಲೆ ಹೊರಗೆ ಚಾಚುತ್ತದೆ, ಮತ್ತೆ ಒಳಗೆ ಸರಿಯುತ್ತದೆ, ಮತ್ತೆ ಚಾಚುತ್ತದೆ. ‘ನಕ್ಷತ್ರಾಕಾರ’ ಎಂದು ಪಾಠದಲ್ಲಿ ಓದಿದ್ದು ಕಾಲಿಗೆ ತಿಳಿಯುವುದು ಹೀಗೆ. ಕಣ್ಣಿರುವವರು ಫೋಟೊ ತೆಗೆಯುವ ಭರದಲ್ಲಿ ಇದನ್ನು ಗಮನಿಸುವುದೇ ಇಲ್ಲ. ಮೇಲೆ ಹತ್ತಿದ ಮೇಲೆ ಜಗತಿಯ ಅಂಚಿಗೆ ತಡೆಗೋಡೆ ಇಲ್ಲ. ಮಕ್ಕಳು ಗುಡಿಯ ಕಡೆ, ನೀವು ಅಂಚಿನ ಕಡೆ, ಕೋಲು ಅಂಚು ಹುಡುಕುತ್ತಿರಲಿ. ಗೋಡೆ ಕಡೆ ಕೋಲು ಬೀಸಬೇಡಿ, ತುದಿ ಕೆತ್ತನೆಗೆ ತಗಲುತ್ತದೆ.

ಗೈಡ್ ತೆಗೆದುಕೊಳ್ಳುವುದಾದರೆ ಗುರುತಿನ ಚೀಟಿ ಇರುವವರನ್ನೇ ಕರೆಯಿರಿ, ಹಣ ಮೊದಲೇ ಮಾತಾಡಿ. ಅವರ ಬಾಯಿಪಾಠ ನೋಡುವವರಿಗೆಂದೇ ಇರುತ್ತದೆ. ‘ಕೆಳಗಿನ ಸಾಲಿಂದ ಮೇಲಕ್ಕೆ ಹೇಳಿ, ಒಂದೊಂದು ಸಾಲು ನನ್ನ ಸೊಂಟಕ್ಕೋ ಎದೆಗೋ ಹೇಳಿ’ ಎಂದು ಕೇಳಿದರೆ ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಕ್ರಮವಾಗಿ ಬರುತ್ತದೆ. ಮಗಳು ಆನೆ ಎಣಿಸಲಿ. ಹೊರಗಿನ ಅಂಗಡಿಯಲ್ಲಿ ಅಂಗೈಯಗಲದ ಕಲ್ಲಿನ ಆನೆಯೋ ಮದನಿಕೆಯೋ ಸಿಗುತ್ತದೆ. ನೋಡಿ ಬಂದ ಮೇಲಲ್ಲ, ಒಳಗೆ ಹೋಗುವ ಮೊದಲೇ ಕೊಂಡು ಕೈಯಲ್ಲಿ ತಿರುಗಿಸಿ, ಆಗ ಗೈಡಿನ ಮಾತಿಗೆ ಆಕಾರ ಬರುತ್ತದೆ. ಬೇಲೂರಿನ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಮಂಟಪ, ಒಳಗೆ ಕತ್ತಲು, ಹೊಸ್ತಿಲು ಎತ್ತರ. ಅಲ್ಲಿ ಎಡವುವುದು ಬಿಸಿಲಿಂದ ಒಳಬಂದ ಕಣ್ಣಿರುವವರೇ, ನಿಮ್ಮ ಕೋಲಿಗೆ ಬಿಸಿಲೂ ಕತ್ತಲೂ ಒಂದೇ.

ಒಳಗೆ ಕೋಲು ಬೇಡವೆನ್ನುವವರು ಸಿಗಬಹುದು. ತುದಿ ತೊಳೆದ, ಬೇರೆಯಾಗಿಟ್ಟ ಕೋಲೊಂದು ಇದ್ದರೆ ‘ಇದು ಒಳಗಿನದು’ ಎಂದು ತೋರಿಸಿ ಒಪ್ಪಿಸುವುದು ಸುಲಭ.

ಬೆಟ್ಟ, ನೀರು

ಮುಳ್ಳಯ್ಯನಗಿರಿ 1930 ಮೀಟರ್, ರಾಜ್ಯದ ಅತಿ ಎತ್ತರದ ತುದಿ. ಗಿರಿ ಸಾಲಿಗೆ ಹೋಗುವ ವಾಹನಗಳಿಗೆ ಆನ್‌ಲೈನ್ ಮುಂಗಡ ಬುಕಿಂಗ್ ಬಂದಿದೆ, ಹೋಂಸ್ಟೇಯವರಿಂದ ಮಾಡಿಸಿಕೊಳ್ಳಿ. ಕೊನೆಯ ರಸ್ತೆ ಕಿರಿದು, ಜೀಪುಗಳೂ ಜನರೂ ಅಲ್ಲೇ. ಮೇಲೆ ಮೆಟ್ಟಿಲು, ಆಚೀಚೆ ಇಳಿಜಾರು, ಕಿವಿ ತುಂಬ ಗಾಳಿ. ಕಣ್ಣು ಕಾಣುವ ದೊಡ್ಡವರೊಬ್ಬರು ಜೊತೆಗಿಲ್ಲದಿದ್ದರೆ ಚಿಕ್ಕ ಮಕ್ಕಳೊಂದಿಗೆ ಅದು ಬೇಡ. ಅದೇ ದಾರಿಯ ಸೀತಾಳಯ್ಯನಗಿರಿಯಲ್ಲಿ ಗಾಡಿ ಗುಡಿಯ ಹತ್ತಿರಕ್ಕೇ ಹೋಗುತ್ತದೆ. ಅದೇ ಗಾಳಿ, ಅದೇ ಚಳಿ, ಅಪಾಯ ಕಡಿಮೆ.

ಹೆಬ್ಬೆ ಜಲಪಾತಕ್ಕೆ ಜೀಪಿನಲ್ಲಿ ಹೋಗಿ ಇಳಿದ ಮೇಲೂ ಹಳ್ಳ ದಾಟುವ ನಡಿಗೆ ಇದೆ, ಬಿಟ್ಟುಬಿಡಿ. ಯಾವ ಜಲಪಾತದಲ್ಲಾದರೂ ನಿಯಮ ಒಂದೇ: ಸದ್ದಿನಲ್ಲಿ ಮಗುವಿನ ದನಿ ಮುಳುಗುವ ಜಾಗಕ್ಕಿಂತ ಮುಂದೆ ಹೋದರೆ ಕೈ ಮಗುವಿನ ಮಣಿಕಟ್ಟಿನ ಮೇಲೆ, ಬೆರಳಿನ ಮೇಲಲ್ಲ. ಒದ್ದೆ ಬೆರಳು ಜಾರುತ್ತದೆ. ಮಕ್ಕಳಿಗೆ ನೀರಾಟ ಬೇಕಿದ್ದರೆ ಬೇಸಿಗೆಯಲ್ಲಿ ತೋಟದೊಳಗಿನ ಸಣ್ಣ ತೊರೆ ಸಾಕು. ಮೊದಲು ನೀವೇ ಇಳಿದು ಉದ್ದಗಲ ನಡೆದು, ಮೊಣಕಾಲು ದಾಟುವ ಗುಂಡಿ ಇಲ್ಲವೆಂದು ಖಾತ್ರಿಯಾದ ಮೇಲೆ ಎರಡು ಕಡೆ ಹಗ್ಗ ಕಟ್ಟಿ ಎಲ್ಲೆ ಮಾಡಿ.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು ಅಥವಾ ಕಾಲುಚೀಲ. ಹಿಡಿದುಕೊಳ್ಳಲು ಕಂಬಿ ಇದೆ. ಮೆಟ್ಟಿಲಿನ ಎತ್ತರ ಒಂದೊಂದು ಕಡೆ ಒಂದೊಂದು ಥರ, ಇಳಿಯುವಾಗಲೇ ಕಷ್ಟ. ಸೂರ್ಯ ಏರುವ ಮುಂಚೆ ಶುರುಮಾಡಿ.

ಇಂಬಳ

ಮಳೆ ಬಿದ್ದ ನೆಲದಲ್ಲಿ ನಡೆದರೆ ಇಂಬಳ (ರಕ್ತ ಹೀರುವ ಜಿಗಣೆ) ಹತ್ತುತ್ತದೆ, ಕಚ್ಚಿದ್ದು ಗೊತ್ತಾಗುವುದಿಲ್ಲ. ಕಾಲು ಗಂಟೆಗೊಮ್ಮೆ ನಿಂತು ಪಾದ, ಬೆರಳ ಸಂದು, ಕಾಲುಚೀಲದ ಅಂಚು, ಮಂಡಿ ಹಿಂಭಾಗ ಬೆರಳಾಡಿಸಿ. ಹತ್ತಿದ್ದು ತಣ್ಣಗೆ, ನುಣುಪಾಗಿ ರಬ್ಬರಿನಂತೆ ಸಿಗುತ್ತದೆ. ಎಳೆದು ಕೀಳಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಸಣ್ಣ ತುದಿಯ ಕಡೆಯಿಂದ ಜರುಗಿಸಿದರೆ ಬಿಡುತ್ತದೆ. ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಹೆದರಬೇಡಿ, ಹತ್ತಿ ಒತ್ತಿ ಕಟ್ಟಿ. ಕಾಲುಚೀಲದ ಮೇಲೆ ಬೇವಿನೆಣ್ಣೆ ಸವರಿ ಹೊರಟರೆ ಕಾಟ ಸ್ವಲ್ಪ ಕಡಿಮೆ.

ದುಡ್ಡು, ಫೋನು

ಗಿರಿಯ ಮೇಲೆ, ತೋಟದೊಳಗೆ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ನಂಬರುಗಳು ಬ್ರೈಲ್‌ನಲ್ಲೂ ಇರಲಿ. ವಿಡಿಯೊ ಕಾಲ್‌ನಲ್ಲಿ ನೋಡಿ ಹೇಳುವ ಆ್ಯಪ್‌ಗಳನ್ನೇ ನಂಬಿ ಹೊರಟರೆ ಬೇಕಾದ ಹೊತ್ತಿಗೆ ಅವೇ ಕೈಕೊಡುತ್ತವೆ. ನಗದು ಬೇಕೇ ಬೇಕು. 100ರ ನೋಟು 142 ಮಿ.ಮೀ., 200ರದು 146, 500ರದು 150. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಅಂಗಡಿ ಮುಂದೆ ಗಡಿಬಿಡಿಯಲ್ಲಿ ತಿಳಿಯುವುದಿಲ್ಲ, ಅಂಚಿನ ಉಬ್ಬುಗೆರೆ ಹಳೆ ನೋಟಿನಲ್ಲಿ ಸವೆದಿರುತ್ತದೆ. ಮನೆಯಲ್ಲೇ 500 ಮಡಿಸದೆ, 200 ಉದ್ದಕ್ಕೆ, 100 ಅಡ್ಡಕ್ಕೆ ಮಡಿಸಿ ಬೇರೆ ಬೇರೆ ಖಾನೆಯಲ್ಲಿಡಿ. ಚಿಲ್ಲರೆಯಾಗಿ ಬಂದ ನೋಟುಗಳನ್ನು ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ ಗುರುತಿಸುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ಯುಪಿಐ ಮಾಡುವಲ್ಲಿ ಕ್ಯೂಆರ್ ಹುಡುಕಿ ಪರದಾಡುವ ಬದಲು ಅಂಗಡಿಯವರ ನಂಬರ್ ಕೇಳಿ, ಹೆಸರು ಕೇಳಿಸಿಕೊಂಡು ಕಳಿಸಿ. ಪಿನ್ ಒತ್ತುವಾಗ ಒಂದು ಕಿವಿಗೆ ಇಯರ್‌ಫೋನ್ ಇರಲಿ, ಪರದೆ ಕಪ್ಪಾಗಿರಲಿ.

ಹೊರಡುವ ಬೆಳಿಗ್ಗೆ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ, ಒಬ್ಬರು ಅವರ ಹತ್ತಿರ, ಇನ್ನೊಬ್ಬರು ಕೋಣೆಯಲ್ಲಿ. ಬಾಗಿಲಿಂದ ಎಡಕ್ಕೆ ಶುರುಮಾಡಿ ಗೋಡೆ ಹಿಡಿದು ಪೂರ್ತಿ ಒಂದು ಸುತ್ತು: ಪ್ಲಗ್ಗಿನಲ್ಲಿ ಚಾರ್ಜರ್, ಗೂಟದ ಮೇಲೆ ಟವೆಲ್, ಬಚ್ಚಲ ಕಿಟಕಿಯಲ್ಲಿ ಬ್ರಷ್. ಆಮೇಲೆ ಹಾಸಿಗೆಯ ಮೇಲೆ, ದಿಂಬಿನಡಿ, ಮಂಚದ ಕೆಳಗೆ ಕೋಲಾಡಿಸಿ. ಬರುವಾಗ ಎಣಿಸಿದ ಚೀಲಗಳ ಲೆಕ್ಕ ಡಿಕ್ಕಿಯಲ್ಲಿ ಕೈಯಿಟ್ಟು ಎಣಿಸಿದಾಗಲೂ ತಾಳೆಯಾದ ಮೇಲೆ ಡ್ರೈವರಿಗೆ ಹೊರಡಲು ಹೇಳಿ.